ಆರ್‌ಸಿ ಏಜೆಂಟರಿಗೆ ಕೊಡಬೇಕೋ, ನಾವೇ ಮಾಡಿಸಬೇಕೋ? ಪಾಲಿಸಿ ಹಳೇದೋ ಹೊಸದೋ?

ಈ ವರ್ಷ ನಮ್ಮ ಮನೆಯ ವ್ಯಾಗನ್‌ಆರ್ ಮಾರಿ, ಸೆಕೆಂಡ್ ಹ್ಯಾಂಡ್ ಬಲೆನೊ ಕೊಂಡೆವು. ಎರಡೂ ಬೆಳಗಾವಿಯ ಕೆಎ-22 ಗಾಡಿಗಳೇ. ಮಾರಿದ ಕಾರಿನ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಹೆಸರು ಬದಲಾವಣೆಯನ್ನು ನಾನೇ ಓಡಾಡಿ ಮುಗಿಸಿದೆ. ಕೊಂಡ ಕಾರಿನದನ್ನು ಏಜೆಂಟರ ಕೈಗೆ ಕೊಟ್ಟೆ. ಇನ್ಶೂರೆನ್ಸ್‌ನಲ್ಲೂ ಹಾಗೇ ಎರಡು ದಾರಿ ನೋಡಿದ್ದಾಯಿತು: ನನ್ನಿಂದ ಕಾರು ಕೊಂಡ ಮಾಸ್ತರರು ಹಳೇ ಪಾಲಿಸಿಯನ್ನೇ ತಮ್ಮ ಹೆಸರಿಗೆ ಮಾಡಿಸಿಕೊಂಡರು, ನಾನು ಹೊಸದು ತೆಗೆದುಕೊಂಡೆ.

ಮೊದಲು ಸ್ವಂತ ಓಡಾಟದ ಮಾತು. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಫೀ ಕಟ್ಟಿ, ಮಾರಾಟ ತಿಳಿಸುವ ಫಾರಂ 29 ಎರಡು ಪ್ರತಿ, ಹೆಸರು ಬದಲಾವಣೆ ಕೇಳುವ ಫಾರಂ 30, ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು, ಇಬ್ಬರ ಆಧಾರ್ ಪ್ರತಿ ಜೋಡಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ಕಾರಿನ ಹೆಸರು ಬದಲಾವಣೆಗೆ ಕೇಂದ್ರದ ನಿಯಮದಲ್ಲಿರುವ ಫೀ 300 ರೂಪಾಯಿ, ಆರ್‌ಸಿ ಕಾರ್ಡಿಗೆ 200. ನನಗೆ ಹೆಚ್ಚು ಹೊತ್ತು ಹಿಡಿದದ್ದು ಚಾಸಿ ನಂಬರಿನ ಪ್ರಿಂಟ್. ಬಾನೆಟ್ ಎತ್ತಿ, ಎಂಜಿನ್ ಹಿಂದಿನ ತಗಡಿನ ಮೇಲೆ ಕೊರೆದ ನಂಬರನ್ನು ಬಟ್ಟೆಯಿಂದ ಒರೆಸಿ, ಪೆನ್ಸಿಲ್ ತಿಕ್ಕಿ, ಮೇಲೆ ಸೆಲ್ಲೋಟೇಪ್ ಒತ್ತಿ ಕಿತ್ತು ಫಾರಂಗೆ ಅಂಟಿಸಬೇಕು. ಎಣ್ಣೆ ಜಿಡ್ಡು ಉಳಿದಿದ್ದರೆ ಅಂಕಿಗಳು ಮೂಡುವುದೇ ಇಲ್ಲ. ಮುಂಜಾನೆ ಎಂಜಿನ್ ತಣ್ಣಗಿದ್ದಾಗ ಮಾಡಿಕೊಳ್ಳಿ.

ಮಾರುವವರು ಈ ಕೆಲಸವನ್ನು ಕೊಂಡವರ ಮೇಲೆ ಬಿಟ್ಟು ನಿಶ್ಚಿಂತರಾಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಇದು ಬರೀ ಕಾಗದದ ಮಾತಲ್ಲ. 2007ರಲ್ಲಿ ಮಾರಿದ ಒಂದು ಕಾರು ಕೈಯಿಂದ ಕೈಗೆ ಹೋಗಿ, ಆರ್‌ಸಿಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದು, 2009ರಲ್ಲಿ ಅಪಘಾತವಾಯಿತು. ಪರಿಹಾರ ಕೊಡಬೇಕಾದವರು ಆರ್‌ಸಿಯಲ್ಲಿ ಹೆಸರಿರುವವರೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಮಾರಿ ಎರಡು ವರ್ಷ ಆಗೇತಿ’ ಅನ್ನುವ ಮಾತು ಅಲ್ಲಿ ನಡೆಯಲಿಲ್ಲ. ಹೀಗಾಗಿ ಮಾಸ್ತರರ ಹೆಸರು ಪೋರ್ಟಲ್‌ನಲ್ಲಿ ಕಾಣಿಸುವವರೆಗೂ ನಾನು ಬೆನ್ನು ಬಿಡಲಿಲ್ಲ.

ಇನ್ನು ಏಜೆಂಟರ ದಾರಿ. ಬಲೆನೊ ಮೇಲೆ ಸಾಲವಿತ್ತು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಬ್ಯಾಂಕ್ ಸಹಿ ಹಾಕಿದ ಫಾರಂ 35 ಬೇಕು. “ನೀವ್ಯಾಕ ಅಡ್ಡಾಡ್ತೀರಿ ಸರ, ನನ್ ಕಡೆ ಕೊಡ್ರಿ, ಎಚ್‌ಪಿ ತಗಿಸಿ ಟ್ರಾನ್ಸ್‌ಫರ್ ಮಾಡಿಸಿ ಕೊಡ್ತೀನಿ” ಎಂದರು ಏಜೆಂಟರು. ಎಚ್‌ಪಿ ಅಂದರೆ ಆರ್‌ಸಿಯಲ್ಲಿರುವ ಆ ಬ್ಯಾಂಕ್ ಸಾಲದ ನಮೂದು. ಕೇಳಿದ ದುಡ್ಡು ಸರ್ಕಾರಿ ಫೀಗಿಂತ ಹಲವು ಪಟ್ಟು. ಆದರೆ ಅವರ ಕಣ್ಣು ಚುರುಕು. ಮಾರಿದವರ ಸಹಿ ದಾಖಲೆಯ ಸಹಿಗೆ ಹೊಂದುತ್ತಿಲ್ಲ ಎಂದು ಫಾರಂ ನೋಡಿದ ಕೂಡಲೇ ಹೇಳಿ, ಎದುರಿಗೇ ಮತ್ತೆ ಹಾಕಿಸಿದರು. ಅದು ಕೌಂಟರಿನಲ್ಲಿ ಗೊತ್ತಾಗಿದ್ದರೆ ಫೈಲು ವಾಪಸ್ ಬರುತ್ತಿತ್ತು.

ಒಂದು ಕಡೆ ಮಾತ್ರ ನನಗೆ ಸಿಟ್ಟು ಬಂತು. ಅರ್ಜಿಯಲ್ಲಿ ನನ್ನ ಮೊಬೈಲ್ ನಂಬರಿನ ಜಾಗದಲ್ಲಿ ಅವರು ತಮ್ಮದೇ ನಂಬರ್ ಹಾಕಿದ್ದರು. ಓಟಿಪಿ ಬೇಗ ಸಿಗಲಿ ಅಂತ ಹೀಗೆ ಮಾಡುತ್ತಾರಂತೆ. ಅದು ಹಾಗೇ ಉಳಿದರೆ ಮುಂದೆ ಟ್ರಾಫಿಕ್ ದಂಡದ ಮೆಸೇಜು, ಕಾರು ಮಾರುವಾಗಿನ ಓಟಿಪಿ, ಎಲ್ಲವೂ ಆ ಫೋನಿಗೇ ಹೋಗುತ್ತದೆ. ಸಲ್ಲಿಸುವ ಮುಂಚೆ ಅರ್ಜಿಯ ಪ್ರಿಂಟ್ ಓದಿದ್ದರಿಂದ ಕಣ್ಣಿಗೆ ಬಿತ್ತು, ತಿದ್ದಿಸಿದೆ. ನೀವು ಯಾರಿಗೇ ಕೊಡಿ, ಆ ಪ್ರಿಂಟ್ ಓದದೆ ಸಹಿ ಹಾಕಬೇಡಿ.

ಸಾಲವಿಲ್ಲದ, ಇಬ್ಬರೂ ಒಂದೇ ಊರಿನವರಾದ ವ್ಯವಹಾರಕ್ಕೆ ಏಜೆಂಟರು ಬೇಕಿಲ್ಲ. ಕೊಲ್ಲಾಪುರದ ಎಂಎಚ್-09 ಗಾಡಿ ತರುವವರ ಲೆಕ್ಕ ಬೇರೆ. ಬೆಳಗಾವಿ, ನಿಪ್ಪಾಣಿ ಕಡೆ ಅಂಥವರು ಬಹಳ. ಅಲ್ಲಿನ ಆರ್‌ಟಿಓದಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ಆಜೀವ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಅಂಥದ್ದಕ್ಕೆ ಏಜೆಂಟರಿಗೆ ಕೊಟ್ಟ ದುಡ್ಡು ದಂಡವಲ್ಲ. ಆದರೆ ಆ ತೆರಿಗೆ ಎಷ್ಟೆಂದು ಕಾರಿನ ರೇಟು ಮಾತಾಡುವ ಮೊದಲೇ ಲೆಕ್ಕ ಹಾಕಿ. ಅಗ್ಗ ಅಂತ ತಂದ ಗಾಡಿ ಎಷ್ಟೋ ಸಲ ಅಲ್ಲೇ ತುಟ್ಟಿಯಾಗುವುದು.

ಇನ್ಶೂರೆನ್ಸ್ ವಿಷಯಕ್ಕೆ ಬಂದರೆ, ಮಾಸ್ತರರ ಮಾತು ನೇರ: “ವಿಮಾ ಇನ್ನಾ ಆರ್ ತಿಂಗಳ ಐತಿ, ಮತ್ಯಾಕ ರೊಕ್ಕಾ ಹಾಕೂದ್ರಿ?” ಅವರು ಹೇಳಿದ್ದು ಸರಿಯೇ. ಆದರೆ ಪಾಲಿಸಿ ಬಂದರೂ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅದರ ಜೊತೆ ಬರುವುದಿಲ್ಲ. ಬೋನಸ್ ಮನುಷ್ಯನದು, ಗಾಡಿಯದಲ್ಲ. ನನ್ನದು ಐದು ವರ್ಷ ಕ್ಲೇಮ್ ಇಲ್ಲದೆ 50 ಪ್ರತಿಶತಕ್ಕೆ ಏರಿತ್ತು. ಹೆಸರು ಬದಲಿಸುವಾಗ ಉಳಿದ ತಿಂಗಳುಗಳಿಗೆ ಆ ರಿಯಾಯಿತಿಯ ದುಡ್ಡನ್ನು ಕಂಪನಿ ಹೊಸ ಮಾಲೀಕರಿಂದ ಕಟ್ಟಿಸಿಕೊಳ್ಳುತ್ತದೆ. ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿಗೇ ಆದ ಪೆಟ್ಟಿನ ವಿಮೆಯ ವರ್ಷದ ಪ್ರೀಮಿಯಂ 6,000 ಇದ್ದು ಬೋನಸ್ ಅಂತ 3,000 ಬಿಟ್ಟಿದ್ದರೆ, ಆರು ತಿಂಗಳಿಗೆ 1,500. ಹೊಸ ಪಾಲಿಸಿಗಿಂತ ಅದು ಕಡಿಮೆಯೇ, ಹಾಗಾಗಿ ಅವರಿಗೆ ಲಾಭವಾಯಿತು. ನಾನು ಅದೇ ಕಂಪನಿಯಿಂದ ಬೋನಸ್ ಪತ್ರ ಬರೆಸಿಕೊಂಡೆ. ಅದು ಮೂರು ವರ್ಷ ನಡೆಯುತ್ತದೆ.

ಆ ಪತ್ರ ಕೊಟ್ಟು ಬಲೆನೊಗೆ ಹೊಸ ಪಾಲಿಸಿ ಮಾಡಿಸಿದಾಗ ಓನ್ ಡ್ಯಾಮೇಜ್ ಅರ್ಧಕ್ಕಿಳಿಯಿತು. ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಯ ಥರ್ಡ್ ಪಾರ್ಟಿ ವಿಮೆಗೆ ಬೋನಸ್ ಅನ್ವಯಿಸುವುದಿಲ್ಲ. ಅದರ ದರ ಸರ್ಕಾರ ಗೊತ್ತುಮಾಡಿದ್ದು. ಮಾರಿದವರ ಪಾಲಿಸಿ ಮುಗಿಯುವುದಕ್ಕೆ ಬಂದಿತ್ತು, ಅದನ್ನು ನನ್ನ ಹೆಸರಿಗೆ ಮಾಡಿಸಿ ಕೆಲವೇ ವಾರದಲ್ಲಿ ಮತ್ತೆ ನವೀಕರಿಸುವುದರಲ್ಲಿ ಅರ್ಥವಿರಲಿಲ್ಲ. ಪಾಲಿಸಿಯ ಅವಧಿ ಅರ್ಧವೋ ಅದಕ್ಕಿಂತ ಹೆಚ್ಚೋ ಉಳಿದಿದ್ದರೆ ಹೆಸರು ಬದಲಿಸಿಕೊಳ್ಳಿ, ಕಡಿಮೆ ಉಳಿದಿದ್ದರೆ ಹೊಸದು ತೆಗೆದುಕೊಳ್ಳಿ ಎಂದೇ ನಾನು ಹೇಳುವುದು.

ಯಾವ ದಾರಿ ಹಿಡಿದರೂ, ಕಾರು ಕೊಂಡ ಮೊದಲ 14 ದಿನ ಇನ್ಶೂರೆನ್ಸ್‌ಗೂ ಮುಖ್ಯ ಎನ್ನುವುದು ಗಮನದಲ್ಲಿರಲಿ. ಕಾರು ಕೈ ಬದಲಾದರೂ ಥರ್ಡ್ ಪಾರ್ಟಿ ರಕ್ಷಣೆ ಕಾನೂನಿನ ಪ್ರಕಾರ ತಾನಾಗಿ ಕೊಂಡವರಿಗೆ ಬರುತ್ತದೆ. ನಿಮ್ಮ ಕಾರಿಗೇ ಆದ ಪೆಟ್ಟಿನ ಕ್ಲೇಮ್ ಬೇಕಾದರೆ ಅಷ್ಟರೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಮಾಲೀಕರೇ ಚಾಲಕರಾದಾಗಿನ 15 ಲಕ್ಷದ ಅಪಘಾತ ವಿಮೆ ಹಳೇ ಮಾಲೀಕರ ಹೆಸರಿಗೆ ಅಂಟಿಕೊಂಡದ್ದು; ಅದನ್ನು ನಿಮ್ಮ ಹೆಸರಿಗೆ, ನಿಮ್ಮ ನಾಮಿನಿಯೊಂದಿಗೆ ಬೇರೆಯಾಗಿಯೇ ಬರೆಸಿಕೊಳ್ಳಬೇಕು. ಮಾಸ್ತರರ ಹೆಸರಿಗೆ ಬದಲಾದ ಪಾಲಿಸಿ ಪ್ರತಿಯಲ್ಲಿ ಆ ಸಾಲು ಖಾಲಿ ಇತ್ತು, ಫೋನ್ ಮಾಡಿ ಹಾಕಿಸಿದೆವು.