ಫೈನಲ್ ಫ್ಯಾಂಟಸಿ 8: ಹಳೆ ಡಿಸ್ಕೋ, ಹೊಸ ರೀಮಾಸ್ಟರೋ?

ಒಂದೇ ವಿಡಿಯೋ ಗೇಮನ್ನು ಬೆನ್ನುಬೆನ್ನಿಗೆ ಎರಡು ಸಲ ಆಡಿದೆ. ಮೊದಲು 1999ರ ನಾಲ್ಕು ಡಿಸ್ಕಿನದು, ಅಂದರೆ ಮೊದಲ ಪ್ಲೇಸ್ಟೇಷನ್‌ಗೆ (ಪಿಎಸ್1) ಬಂದದ್ದು, ಹಳೆ ಪಿಎಸ್2ನಲ್ಲಿ, ಡಬ್ಬಾ ಟಿವಿಗೆ ಜೋಡಿಸಿ. ಆಮೇಲೆ 2019ರ ರೀಮಾಸ್ಟರ್, ಅಂದರೆ ಅದೇ ಆಟದ ತಿದ್ದಿದ ಹೊಸ ಆವೃತ್ತಿ, ನಿಂಟೆಂಡೊ ಸ್ವಿಚ್‌ನಲ್ಲಿ.

ಈ ಆಟದ ದೊಡ್ಡ ತಲೆನೋವು ಅಂದರೆ ಡ್ರಾ. ಮಂತ್ರ ಬೇಕಾದರೆ ಶತ್ರುವಿನಿಂದಲೇ ಸೆಳೆದುಕೊಳ್ಳಬೇಕು. ಒಂದೊಂದು ಮಂತ್ರವನ್ನೂ ಒಬ್ಬೊಬ್ಬರು 100ರವರೆಗೆ ಇಟ್ಟುಕೊಳ್ಳಬಹುದು. ಖರ್ಚು ಮಾಡೋಕೆ ಮನಸ್ಸೇ ಬರಲ್ಲ, ಯಾಕಂದ್ರೆ ಅದನ್ನೇ ಜಂಕ್ಷನ್ ಮಾಡಿ, ಅಂದರೆ ಪಾತ್ರಗಳಿಗೆ ಜೋಡಿಸಿ, ನಮ್ಮ ಬಲ ಹೆಚ್ಚಿಸಿಕೊಂಡಿರುತ್ತೇವೆ. ಡಿಸ್ಕಿನಲ್ಲಿ ಆಡುವಾಗ, ಆಟ ಶುರುವಾಗುವ ಬಾಲಂಬ್ ಬಯಲಲ್ಲಿ ಒಂದು ಬಡಪಾಯಿ ಹುಳುವನ್ನು ಸಾಯಿಸದೆ ನಿಲ್ಲಿಸಿಕೊಂಡು ಸೆಳೆದೆ, ಮತ್ತೆ ಸೆಳೆದೆ. ಪಕ್ಕದಲ್ಲಿದ್ದ ಕಾಫಿ ಆರಿ ಕೆನೆ ಕಟ್ಟಿತ್ತು.

ರೀಮಾಸ್ಟರ್‌ನಲ್ಲಿ ಎಡಗಡೆ ಸ್ಟಿಕ್ ಒತ್ತಿದರೆ ಎಲ್ಲವೂ ಮೂರು ಪಟ್ಟು ವೇಗ. ಇದೊಂದಕ್ಕೇ ದುಡ್ಡು ವಸೂಲಿ. ಬಲಗಡೆಯದನ್ನು ಮಾತ್ರ ಮುಟ್ಟಬೇಡಿ. ಎಚ್‌ಪಿ (ಪ್ರಾಣಬಲ) ತುಂಬಿಯೇ ಇರುತ್ತದೆ, ಲಿಮಿಟ್ ಬ್ರೇಕ್ ಅನ್ನೋ ಭಾರೀ ಹೊಡೆತ ಬೇಕೆಂದಾಗ ಸಿಗುತ್ತದೆ, ಆಟ ಸಪ್ಪೆಯಾಗುತ್ತದೆ.

ಅಸಲಿಗೆ ಡ್ರಾ ತಪ್ಪಿಸುವ ದಾರಿ ಹಳೆಯದರಲ್ಲೂ ಇತ್ತು: ಟ್ರಿಪಲ್ ಟ್ರಯಡ್, ಅಂದರೆ ಊರೂರಲ್ಲಿ ಸಿಕ್ಕವರ ಜೊತೆ ಆಡುವ ಕಾರ್ಡಾಟ. ಅಬಿಸ್ ವರ್ಮ್ ಕಾರ್ಡ್ ಗೆದ್ದು ಬದಲಾಯಿಸಿದರೆ ವಿಂಡ್‌ಮಿಲ್ ಅನ್ನೋ ಒಂದು ವಸ್ತು, ಅದರಿಂದ 20 ಟೊರ್ನಾಡೊ ಮಂತ್ರ. ಐದು ಕಾರ್ಡಿಗೆ ನೂರು! ಚಿಕ್ಕವನಿದ್ದಾಗ ಇದು ಗೊತ್ತಿರಲಿಲ್ಲ, ಸುಮ್ನೆ ಹುಳುಗಳ ಹಿಂದೆ ಬಿದ್ದಿದ್ದೆ.

ನೋಟದಲ್ಲಿ ಹಳೆಯದೇ ಮೇಲು. ರೀಮಾಸ್ಟರ್‌ನಲ್ಲಿ ನಾಯಕ ಸ್ಕ್ವಾಲ್‌ನ ಮುಖ ಚೊಕ್ಕ, ಹಿಂದಿನ ಚಿತ್ರಗಳು ಮಾತ್ರ ಹಾಗೇ ಮಸುಕು. ಹೊಸ ಫೋಟೋ ಕತ್ತರಿಸಿ ಹಳೆ ಕ್ಯಾಲೆಂಡರಿಗೆ ಅಂಟಿಸಿದ ಹಾಗಿದೆ. ಡಬ್ಬಾ ಟಿವಿಯಲ್ಲಿ ಎರಡೂ ಒಂದೇ ಥರ ಮಸುಕು, ಅಲ್ವಾ, ಹಾಗಾಗಿ ಕಣ್ಣಿಗೆ ಹಿತ.

ಕತೆ ಎರಡರಲ್ಲೂ ಅದೇ. ಟ್ರಾಬಿಯಾ ಅನ್ನೋ ಊರಿನ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ತಂಡದ ಹೆಚ್ಚಿನವರಿಗೆ ಒಮ್ಮೆಲೇ ನೆನಪಾಗುತ್ತದೆ: ನಾವು ಒಂದೇ ಅನಾಥಾಶ್ರಮದಲ್ಲಿ ಬೆಳೆದವರು! ಜೊತೆಗಿರುವ ಜಿಎಫ್‌ಗಳು, ಅಂದರೆ ಯುದ್ಧಕ್ಕೆ ಕರೆಯುವ ಮಾಯಾಶಕ್ತಿಗಳು, ನೆನಪು ತಿಂದುಹಾಕಿದ್ದವಂತೆ. ಈ ಸಲವೂ ನಕ್ಕುಬಿಟ್ಟೆ. ಆದರೂ ಆ ಅಂಗಳದಿಂದ ಬೇಗ ಹೊರಡೋಕೆ ಮನಸ್ಸಾಗಲಿಲ್ಲ. ರೀಮಾಸ್ಟರ್‌ನಲ್ಲೂ ಅಲ್ಲಿ ಮಾತ್ರ ಜೋರು ಓಡಿಸಲಿಲ್ಲ.

ಹೊಸಬರು ರೀಮಾಸ್ಟರ್ ತಗೊಳ್ಳಿ. ನನ್ನ ಡಿಸ್ಕು ಟಿವಿ ಪಕ್ಕದಲ್ಲೇ ಇದೆ, ಸೇವ್ ಮಾಡೋಕೆ ಪಿಎಸ್1ರ ಮೆಮೊರಿ ಕಾರ್ಡೇ ಬೇಕು ಅನ್ನೋ ಕಿರಿಕಿರಿ ಇದ್ದರೂ.