ಮಕ್ಕಳ ಫೋಟೋದಲ್ಲಿ ಕಣ್ಣು ತಿದ್ದಿಸುವ ಮೊದಲು ಮೂಲ ಫೋಟೋ ಇಸ್ಕೊಳ್ಳಿ

ನಾಮಕರಣ, ಹುಟ್ಟುಹಬ್ಬ ಅಂತ ಫೋಟೋ ತೆಗೆಸುವವರು ದಯವಿಟ್ಟು ಇದನ್ನು ಓದಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಓದಲೇಬೇಕು.

ನಮ್ಮ ಅಕ್ಕನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಒಂದು ಸ್ಟುಡಿಯೋದವರನ್ನು ಕರೆಸಿದ್ದೆವು. ಸಂಜೆ ಹೊತ್ತು, ಹಾಲ್‌ನಲ್ಲಿ ಬೆಳಕು ಕಡಿಮೆ. ಫ್ಲ್ಯಾಶನ್ನು ನೇರ ಮುಖಕ್ಕೇ ಹೊಡೆಯುತ್ತಾ ಹೋದರು. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಬೆಳಕು ಒಳಗೆ ಹೋಗಿ, ಕಣ್ಣಿನ ಹಿಂದಿನ ರಕ್ತ ತುಂಬಿದ ಪದರಕ್ಕೆ ಬಡಿದು, ಬಂದ ದಾರಿಯಲ್ಲೇ ಲೆನ್ಸಿಗೆ ವಾಪಸ್ ಬರುತ್ತದೆ. ಕೆಂಪು ಕಣ್ಣು ಬರುವುದು ಹೀಗೆ.

ಆಲ್ಬಮ್ ಬಂದಾಗ ಯಾರ ಕಣ್ಣೂ ಕೆಂಪಗಿರಲಿಲ್ಲ. ಎಲ್ಲರಿಗೂ ಕಪ್ಪು ಬಳಿದಿದ್ದರು. ಅಜ್ಜಿಯ ಕಣ್ಣಲ್ಲಿ ಸದಾ ಇರುವ ಆ ಸಣ್ಣ ಮಿಂಚೂ ಹೋಗಿತ್ತು. ಬೇಜಾರಾಯಿತು, ಆದರೂ ಸುಮ್ಮನಾದೆವು.

ಕೆಲವು ತಿಂಗಳಾದ ಮೇಲೆ ಪಾಪುವಿಗೆ ಮೆಳ್ಳಗಣ್ಣು ಬರುತ್ತಿದೆ ಅನ್ನಿಸಿ ಕಣ್ಣಿನ ಡಾಕ್ಟರ್ ಹತ್ತಿರ ಹೋದರು. ಒಂದು ಕಣ್ಣಲ್ಲಿ ಪೊರೆ ಇತ್ತು. ಯಾವಾಗಿನಿಂದ ಇದೆ ನೋಡಬೇಕು, ಫ್ಲ್ಯಾಶ್ ಹಾಕಿ ತೆಗೆದ ಹಳೇ ಫೋಟೋ ತನ್ನಿ ಅಂದರು ಡಾಕ್ಟರ್. ಅಕ್ಕ ಸ್ಟುಡಿಯೋಗೆ ಹೋಗಿ ಕೇಳಿದರೆ ಅಲ್ಲಿನ ಹುಡುಗ ಹೇಳಿದ್ದು ಇದು: "ಮೇಡಂ, ಪಾಪುದು ಒಂದ್ ಕಣ್ಣು ಬೆಳ್ಳಗೆ ಬಂದಿತ್ತು. ಚೆನ್ನಾಗಿ ಕಾಣ್ಲಿ ಅಂತ ಇನ್ನೊಂದ್ ಕಣ್ಣನ್ನೇ ಕಾಪಿ ಮಾಡಿ ಹಾಕಿದ್ವಿ." ಮೂಲ ಫೋಟೋಗಳನ್ನು ಅಳಿಸಿಯಾಗಿತ್ತು.

ಅಷ್ಟು ತಿಂಗಳ ಹಿಂದೆಯೇ ಫೋಟೋದಲ್ಲಿ ಅದು ಕಂಡಿತ್ತು. ನಮಗೆ ಯಾರೂ ಹೇಳಲಿಲ್ಲ. ಆಪರೇಷನ್ ಆಗಿದೆ. ಆದರೆ ಪುಟ್ಟ ಮಗುವಿನ ಒಂದು ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತಾ ಹೋಗುತ್ತದೆ. ಈಗ ದಿನಾ ಒಳ್ಳೇ ಕಣ್ಣಿಗೆ ಪ್ಯಾಚ್ ಅಂಟಿಸಿ, ಇನ್ನೊಂದರಿಂದ ನೋಡುವ ಅಭ್ಯಾಸ ಮಾಡಿಸುತ್ತಿದ್ದಾರೆ. ಅವಳು ಅತ್ತು ಅದನ್ನು ಕಿತ್ತು ಹಾಕುತ್ತಾಳೆ. ನೋಡಲು ಆಗುವುದಿಲ್ಲ.

ಎರಡೂ ಕಣ್ಣು ಕೆಂಪಾದರೆ ಅದು ಬರೀ ಫ್ಲ್ಯಾಶಿನ ಕೆಲಸ, ಹೆದರಬೇಡಿ. ಒಂದೇ ಕಣ್ಣು ಬಿಳಿ ಅಥವಾ ಹಳದಿಯಾಗಿ ಹೊಳೆದರೆ ಬಿಡಬೇಡಿ. ಮಗು ಓರೆಯಾಗಿ ನೋಡುವಾಗ ಬೆಳಕು ಕಣ್ಣಿನ ನರದ ಬುಡಕ್ಕೆ ಬಿದ್ದರೂ ಹೀಗೆ ಕಾಣಬಹುದು, ಅದರಿಂದ ತೊಂದರೆ ಇಲ್ಲ. ಪೊರೆ ಇದ್ದರೂ ಹೀಗೆ ಕಾಣಬಹುದು. ರೆಟಿನೋಬ್ಲಾಸ್ಟೋಮ ಅನ್ನುವ ಕಣ್ಣಿನ ಕ್ಯಾನ್ಸರ್ ಕೂಡ ಆಗಿರಬಹುದು. ಅದು ಬರುವುದು ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಿಗೆ. ಬೇಗ ಗೊತ್ತಾದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಯಾವುದು ಅಂತ ಡಾಕ್ಟರೇ ಹೇಳಬೇಕು. ಮನೆಯಲ್ಲಿ ಮತ್ತೆ ಮತ್ತೆ ಫ್ಲ್ಯಾಶ್ ಹೊಡೆದು ಪರೀಕ್ಷೆ ಮಾಡುತ್ತಾ ದಿನ ಕಳೆಯಬೇಡಿ. ಆ ಫೋಟೋ ಹಿಡಿದುಕೊಂಡು ಹೋಗಿ.

ಫೋಟೋಗ್ರಾಫರ್‌ಗಳಿಗೂ ಒಂದು ಮಾತು. ಕೆಂಪು ಕಣ್ಣನ್ನು ಆಮೇಲೆ ಅಳಿಸುವ ಬದಲು ಬರದಂತೆಯೇ ತೆಗೆಯಬಹುದು, ಅಲ್ವಾ? ಹಾಲ್‌ನ ಲೈಟೆಲ್ಲ ಹಾಕಿಸಿ, ಪಾಪೆ ಸಣ್ಣದಾಗುತ್ತದೆ. ಫ್ಲ್ಯಾಶನ್ನು ಬಿಳಿ ಸೂರಿನ ಕಡೆ ತಿರುಗಿಸಿ. ಬಣ್ಣದ ಶಾಮಿಯಾನದ ಕೆಳಗೆ ಮಾತ್ರ ಬೇಡ, ಮುಖಕ್ಕೆಲ್ಲ ಅದೇ ಬಣ್ಣ ಬರುತ್ತದೆ. ಕನ್ನಡಕದವರಿಗೆ ಗದ್ದ ಸ್ವಲ್ಪ ತಗ್ಗಿಸಲು ಹೇಳಿದರೆ ಗಾಜಿನ ಹೊಳಪೂ ಜಾಸ್ತಿ ಕಾಡುವುದಿಲ್ಲ.

ಫೋಟೋ ತೆಗೆಸುವವರು ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡಿ: ಏನೂ ತಿದ್ದದ ಫೋಟೋಗಳೆಲ್ಲ ಮೊದಲು ಪೆನ್‌ಡ್ರೈವ್‌ನಲ್ಲಿ ನಮಗೆ ಬೇಕು, ಮಕ್ಕಳ ಕಣ್ಣು ತಿದ್ದುವುದಾದರೆ ನಮ್ಮನ್ನು ಕೇಳಿಯೇ ತಿದ್ದಬೇಕು. ಒಪ್ಪದಿದ್ದರೆ ಬೇರೆಯವರನ್ನು ನೋಡಿ.