ಎಎಸ್‌ಆರ್‌ಎಸ್ ಪ್ರಶ್ನಾವಳಿ: ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಎಷ್ಟು ಒದಗುತ್ತದೆ?

ದೊಡ್ಡವರಲ್ಲಿ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಇರುವ ತೊಂದರೆ) ಇದೆಯೇ ಎಂದು ತೀರ್ಮಾನಿಸುವ ಸಂದರ್ಶನಕ್ಕೆ ಸುಮಾರು ಒಂದೂವರೆ ಗಂಟೆ ಬೇಕು. ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ತಜ್ಞರ ಬಳಿ ಯಾರನ್ನು ಕಳಿಸಬೇಕು ಎಂದು ಆ ಕೆಲವು ನಿಮಿಷಗಳಲ್ಲೇ ತಿಳಿಯಲು ಹೆಚ್ಚು ಬಳಕೆಯಲ್ಲಿರುವ ಸಾಧನ ಎಎಸ್‌ಆರ್‌ಎಸ್ 1.1, ಅಂದರೆ ತಮ್ಮ ಲಕ್ಷಣಗಳನ್ನು ದೊಡ್ಡವರು ತಾವೇ ಗುರುತು ಹಾಕುವ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 2005ರಲ್ಲಿ ಬಂದ ಈ ಪ್ರಶ್ನಾವಳಿಯಲ್ಲಿ 18 ಪ್ರಶ್ನೆಗಳಿವೆ. ಜರಡಿ ಹಿಡಿಯುವ ಕೆಲಸ ಮೊದಲ 6 ಪ್ರಶ್ನೆಗಳದ್ದು.

ತುಂಬಲು ಐದು ನಿಮಿಷ ಸಾಕು, ಯಂತ್ರ ಬೇಡ, ಶುಶ್ರೂಷಕರೇ ಅಂಕ ಹಾಕಬಹುದು. ಆದರೆ ಅಂಕ ಹಾಕುವಲ್ಲೇ ಮೊದಲ ತಪ್ಪು ನಡೆಯುತ್ತದೆ. ಎಲ್ಲ ಪ್ರಶ್ನೆಗೂ ಅಳತೆ ಒಂದೇ ಅಲ್ಲ. ಕೆಲಸದ ಕೊನೆಯ ಚೂರು ಮುಗಿಸಲಾಗದಿರುವುದು, ಅಚ್ಚುಕಟ್ಟಾಗಿ ಜೋಡಿಸಿಕೊಳ್ಳಲಾಗದಿರುವುದು, ಹೋಗಬೇಕಾದ ದಿನ ಮರೆಯುವುದು ಎಂಬ ಮೊದಲ ಮೂರಕ್ಕೆ ‘ಕೆಲವೊಮ್ಮೆ’ ಎಂದರೂ ಎಣಿಕೆಗೆ ಬರುತ್ತದೆ. ತಲೆ ಓಡಿಸಬೇಕಾದ ಕೆಲಸವನ್ನು ಮುಂದೂಡುವುದು, ಕೂತಲ್ಲಿ ಕೈಕಾಲು ಆಡಿಸುವುದು, ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಾಡುವುದು ಎಂಬ ಮುಂದಿನ ಮೂರಕ್ಕೆ ‘ಆಗಾಗ್ಗೆ’ ಅಥವಾ ‘ತುಂಬಾ ಆಗಾಗ್ಗೆ’ ಎಂದರೆ ಮಾತ್ರ. ಆರರಲ್ಲಿ ನಾಲ್ಕು ಹೀಗೆ ಎಣಿಕೆಗೆ ಬಂದರೆ ಮುಂದಿನ ತಪಾಸಣೆ ಬೇಕು. ಎಲ್ಲ ಆರಕ್ಕೂ ‘ಆಗಾಗ್ಗೆ’ಯನ್ನೇ ಗೆರೆ ಮಾಡಿಕೊಂಡರೆ ನಿಜವಾಗಿ ತೊಂದರೆ ಇರುವವರೇ ಹೊರಗುಳಿಯುತ್ತಾರೆ.

2005ರ ಮೂಲ ಅಧ್ಯಯನದಲ್ಲಿ ಈ ಆರು ಪ್ರಶ್ನೆಗಳು ಎಡಿಎಚ್‌ಡಿ ಇರುವವರಲ್ಲಿ ಶೇ 68.7 ಮಂದಿಯನ್ನು ಹಿಡಿದವು, ಇಲ್ಲದವರಲ್ಲಿ ಶೇ 99.5 ಮಂದಿಯನ್ನು ಸರಿಯಾಗಿ ಬಿಟ್ಟವು. ಲೆಕ್ಕ ಹಾಕಿ ನೋಡಿ: 1000 ಜನರಲ್ಲಿ 25 ಮಂದಿಗೆ ಎಡಿಎಚ್‌ಡಿ ಇದೆ ಎಂದುಕೊಂಡರೆ 17 ಮಂದಿ ಸಿಗುತ್ತಾರೆ, 8 ಮಂದಿ ತಪ್ಪಿಹೋಗುತ್ತಾರೆ, ಸುಮ್ಮನೆ ಸಿಕ್ಕಿಬೀಳುವವರು ಐದೇ ಮಂದಿ. ಆದರೆ ಅದು ಸಾಮಾನ್ಯ ಜನರ ನಡುವಿನ ಅಳತೆ. ಮಾನಸಿಕ ಆರೋಗ್ಯ ವಿಭಾಗಕ್ಕೆ ಬರುವವರಲ್ಲಿ ಖಿನ್ನತೆ, ಆತಂಕ, ನಿದ್ದೆಗೇಡು ಮೊದಲೇ ಇರುತ್ತವೆ, ಅವೂ ಇದೇ ಉತ್ತರಗಳನ್ನು ಕೊಡಿಸುತ್ತವೆ. ಅಲ್ಲಿ ಪ್ರಶ್ನಾವಳಿ ‘ಹೌದು’ ಎಂದದ್ದನ್ನೇ ರೋಗನಿರ್ಣಯ ಎಂದು ಬರೆದುಬಿಡುವುದು ದೊಡ್ಡ ಅನ್ಯಾಯ.

ಕಾರಣ ಸರಳ. ಪ್ರಶ್ನೆಗಳು ಕೇಳುವುದು ಕಳೆದ 6 ತಿಂಗಳ ಬಗ್ಗೆ ಮಾತ್ರ. ರೋಗನಿರ್ಣಯಕ್ಕೆ ಮನೋವೈದ್ಯರು ಬಳಸುವ ಕೈಪಿಡಿಯಾದ ಡಿಎಸ್‌ಎಂ-5 ಕೇಳುವುದು 12 ವರ್ಷಕ್ಕೆ ಮೊದಲೇ ಹಲವು ಲಕ್ಷಣ ಕಂಡಿದ್ದವೇ, ಮನೆ ಮತ್ತು ಕೆಲಸದಂಥ ಕನಿಷ್ಠ ಎರಡು ಕಡೆ ತೊಂದರೆ ಇದೆಯೇ, ಗಮನದ ಒಂಬತ್ತು ಲಕ್ಷಣಗಳಲ್ಲಿ ಅಥವಾ ಚಡಪಡಿಕೆಯ ಒಂಬತ್ತರಲ್ಲಿ ದೊಡ್ಡವರಿಗೆ ಕನಿಷ್ಠ ಐದು ಇವೆಯೇ ಎಂದು. ಹಸುಗೂಸಿನ ಆರೈಕೆಯಲ್ಲಿ ಆರು ತಿಂಗಳು ನಿದ್ದೆಗೆಟ್ಟ ತಾಯಿಯೂ ಪ್ರಶ್ನಾವಳಿಯಲ್ಲಿ ನಾಲ್ಕು ದಾಟಬಹುದು.

ಆದ್ದರಿಂದ ಪ್ರಶ್ನಾವಳಿಯ ಜೊತೆಗೇ ನಡೆಯಬೇಕಾದ ಕೆಲಸ ಬೇರೆ ಇದೆ, ತಜ್ಞರಿಗಾಗಿ ಕಾಯುವವರ ಸರದಿ ಕರಗುವುದು ಅದರಿಂದಲೇ. ಲಕ್ಷಣಗಳಿಗೆ ಬೇರೆ ಕಾರಣವಿದೆಯೇ ಎಂದು ತಿಳಿಯಲು ‘ಹೌದು’ ಬಂದ ದಿನವೇ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಗೆ ರಕ್ತ ತೆಗೆಯಬೇಕು. ಗೊರಕೆ, ಹಗಲು ತೂಕಡಿಕೆ, ಮದ್ಯ, ತಲೆಗೆ ಬಿದ್ದ ಪೆಟ್ಟು, ಹಿಂದೆ ಎಂದಾದರೂ ಅತಿ ಉತ್ಸಾಹ ಏರಿದ ಅವಧಿ ಇವನ್ನು ಕೇಳಿ ಬರೆದುಕೊಳ್ಳಬೇಕು. ರಕ್ತದೊತ್ತಡ, ನಾಡಿ, ತೂಕ, ಮನೆತನದಲ್ಲಿ ಹೃದ್ರೋಗ ಇವೆಯೇ ಎಂಬುದನ್ನೂ ಆಗಲೇ ದಾಖಲಿಸಿದರೆ ಮುಂದೆ ಮಾತ್ರೆ ಶುರುಮಾಡುವಾಗ ಮತ್ತೊಂದು ಭೇಟಿ ತಪ್ಪುತ್ತದೆ. ಹಳೆಯ ಶಾಲಾ ಅಂಕಪಟ್ಟಿಯ ಷರಾ, ಬಾಲ್ಯ ಬಲ್ಲ ಅಕ್ಕ-ಅಣ್ಣ ಅಥವಾ ತಂದೆ-ತಾಯಿಯ ಮಾತು ತಜ್ಞರ ಭೇಟಿಗೆ ಮೊದಲೇ ಕೈಸೇರಬೇಕು. ಇಷ್ಟಿಲ್ಲದೆ ಬಂದವರನ್ನು ತಜ್ಞರು ವಾಪಸ್ ಕಳಿಸುವುದು ಅನಿವಾರ್ಯವಾಗುತ್ತದೆ, ತಿಂಗಳುಗಟ್ಟಲೆ ಕಾದದ್ದು ನೀರುಪಾಲು.

ನಂತರದ ಸಂದರ್ಶನಕ್ಕೆ ಡಿವಾ-5 ಎಂಬ ಸಿದ್ಧ ಪ್ರಶ್ನೆಗಳ ಸಂದರ್ಶನ ಮಾದರಿ ಚೆನ್ನಾಗಿ ಒಗ್ಗುತ್ತದೆ. ಪ್ರತಿ ಲಕ್ಷಣಕ್ಕೂ ಬಾಲ್ಯದ ಮತ್ತು ಈಗಿನ ಉದಾಹರಣೆಗಳು ಅದರಲ್ಲೇ ಇರುವುದರಿಂದ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಅದನ್ನು ನಡೆಸಿ, ಮನೋವೈದ್ಯರು ಕೊನೆಯ ತೀರ್ಮಾನ ಮಾಡಬಹುದು.

ಪ್ರಶ್ನಾವಳಿಯನ್ನು ಮನೆಗೆ ಕೊಟ್ಟು ಕಳಿಸುವ ರೂಢಿ ಮಾತ್ರ ನಿಲ್ಲಲೇಬೇಕು. ಮರೆವು, ಮುಂದೂಡಿಕೆ ಯಾರ ಕಷ್ಟವೋ ಅವರಿಗೇ ‘ತುಂಬಿ ತನ್ನಿ, ತರದಿದ್ದರೆ ಹೆಸರು ಹೊಡೆದುಹಾಕುತ್ತೇವೆ’ ಎಂದರೆ ಹೇಗೆ? ಕಾಯುವ ಬೆಂಚಿನಲ್ಲೇ ತುಂಬಿಸಿ. ಓದಲು ಕಷ್ಟವಿದ್ದವರಿಗೆ ಓದಿ ಹೇಳಿ. ಪದವಿಟ್ಟು ಪದ ತಂದ ಅನುವಾದದ ಮೊದಲ ಪ್ರಶ್ನೆಯಲ್ಲಿ ‘ಕೆಲಸ’ದ ಬದಲು ‘ಪ್ರಾಜೆಕ್ಟ್’ ಎಂದಷ್ಟೇ ಇದ್ದರೆ ಮನೆಗೆಲಸ ಮಾಡುವವರು ‘ನನಗೆ ಅಂಥದ್ದೇನೂ ಇಲ್ಲ’ ಎಂದು ‘ಎಂದೂ ಇಲ್ಲ’ಕ್ಕೆ ಗುರುತು ಹಾಕುತ್ತಾರೆ.

ಆರರಲ್ಲಿ ಎಣಿಕೆ ಮೂರಕ್ಕೇ ನಿಂತವರನ್ನು ಕೈಬಿಡುವ ಅವಸರ ಬೇಡ. ಗದ್ದಲವಿಲ್ಲದೆ ಗಮನ ಜಾರುವವರು, ಅದರಲ್ಲೂ ಹೆಂಗಸರು, ಚಡಪಡಿಕೆಯ ಎರಡು ಪ್ರಶ್ನೆಗಳಲ್ಲಿ ಸೊನ್ನೆಯಾಗಿ ಇಲ್ಲೇ ಕಳೆದುಹೋಗುತ್ತಾರೆ. ಅವರಿಗೆ ಉಳಿದ 12 ಪ್ರಶ್ನೆಗಳನ್ನೂ ಕೇಳಿ. ಅವುಗಳಲ್ಲಿ ಐದು ಗಮನಕ್ಕೇ ಸೇರಿದವು.